ಮೊದಲಿನ ಫೋಟೋ

ಮೊದಲಿನ ಫೋಟೋ ಇದ್ದರೆ ತನ್ನಿ, ಎಂದಿದ್ದೆ.
ಎಲ್ಲರಿಗೂ ಅನ್ನುವ ಮಾತು, ಬಾಯಿಪಾಠ.
ಕುತಾಯಿಸಿಯಿಂದ ನಾಲ್ಕು ಗಂಟೆ ವ್ಯಾನಿನಲ್ಲಿ ಕುಲುಕಿ ಬಂದ
ಲಾಮಾರಾ, ತಾಯಿ,
ಚೀಲದಿಂದ ತೆಗೆದು ನನ್ನ ಮೇಜಿನ ಮೇಲಿಟ್ಟಳು:
ಕಲ್ಲಂಗಡಿ ಹೋಳಿನ ಹಿಂದೆ ನಗುವ ನಾಲ್ಕು ವರ್ಷದ ಹುಡುಗಿ,
ಅಕ್ಕಿಕಾಳಿನಂಥ ಹಾಲುಹಲ್ಲು.

ಪಕ್ಕದ ಕುರ್ಚಿಯಲ್ಲಿ ಇಪ್ಪತ್ತಮೂರರ ಪಿಕ್ರಿಯಾ,
ಶಾಲು ಮೂಗಿನವರೆಗೆ.
"ಮೊದಲಿನದು ಅಂದರೆ ಇದೇ," ಅಂದಳು,
"ಆಮೇಲಿನದನ್ನು ಯಾರೂ ತೆಗೆಯಲಿಲ್ಲ."

ಮೂವತ್ತೊಂದು ವರ್ಷ ಟ್ಬಿಲಿಸಿಯ ಈ ನೆಲಮಾಳಿಗೆಯಲ್ಲಿ
ಮೇಣ ಕರಗಿಸಿ ಹಲ್ಲು ಕಟ್ಟಿದ್ದೇನೆ
ಮುದುಕರಿಗೆ, ಕುಡಿದು ಗುದ್ದಾಡಿದವರಿಗೆ,
ಸ್ಟೀರಿಂಗಿಗೆ ಮುಖ ಕೊಟ್ಟವರಿಗೆ.
ಕಳೆದದ್ದನ್ನು ಕೇಳುತ್ತಾರೆ, ಕೊಡುತ್ತೇನೆ, ಲೆಕ್ಕ ಚುಕ್ತಾ.
ಇವಳಿಗೆ ಏನನ್ನು ಮರಳಿಸಲಿ?
ಬಾರದೇ ಹೋದದ್ದನ್ನು ಕಳೆದದ್ದು ಅನ್ನಬಹುದೇ?

ಕಿರಣ ಗಡ್ಡೆಯನ್ನು ಸುಟ್ಟಿತು, ಹುಡುಗಿ ಉಳಿದಳು.
ಅದಕ್ಕೆ ನಾನೂ ಕೈಮುಗಿಯುತ್ತೇನೆ.
ಎಡದವಡೆ ಮಾತ್ರ ಆ ವರ್ಷದಲ್ಲೇ ಕೂತುಬಿಟ್ಟಿತು
ಶಾಲೆಗೆ ಬರೊಲ್ಲ ಎಂದು ಹೊಸ್ತಿಲಲ್ಲಿ ಹಟ ಹಿಡಿದ ಕೂಸಿನ ಹಾಗೆ.
ಉಳಿದ ಮುಖ ಅದನ್ನು ಎಳೆದುಕೊಂಡೇ ಬೆಳೆಯಿತು.
ಬೇರಿಲ್ಲದ ಹಲ್ಲು ಬಂದವು,
ಒಂದೊಂದೇ ದಿಂಬಿನ ಮೇಲೆ ಉಳಿದವು.
ಬಾಯಿ ತೆರೆದರೆ ಒಂದು ಬೆರಳು.
ಒಣಗಿದ ನಾಲಗೆಗೆ ಸದಾ ಕೈಯಲ್ಲೊಂದು ಬಾಟಲಿ ನೀರು.
ಪ ಎನ್ನಲು ತುಟಿ ಎರಡೂ ಕೂಡಬೇಕು;
ಕೂಡದೆ, "ಇಕ್ರಿಯಾ" ಎನ್ನುತ್ತಿದ್ದಳಂತೆ.
ತರಗತಿಯಲ್ಲಿ ಅದೇ ಹೆಸರಾಯಿತು.

ಹೋದ ಚಳಿಗಾಲ ಸರ್ಜನ್ ಅವಳ ಕಾಲಿನ ಮೂಳೆ ತೆಗೆದು
ಮೂರು ತುಂಡು ಮಾಡಿ, ಕೋನ ಕೊಟ್ಟು, ದವಡೆ ಕಟ್ಟಿದ.
ಕಾಲಿನ ತೊಗಲೂ ಜೊತೆಗೆ ಬಾಯೊಳಗೆ ಹೋಯಿತು.
ಅಲ್ಲೀಗ ಕೂದಲು ಬೆಳೆಯುತ್ತದೆ.
ನಾಚುತ್ತ ಹೇಳಿ, ಅವಳೇ ಮೊದಲು ನಕ್ಕಳು:
"ಮನೆ ಬದಲಾದದ್ದು ಕಾಲಿಗೆ ಯಾರೂ ಹೇಳಿಲ್ಲ."

ಐಸ್‌ಕ್ಯಾಂಡಿ ಕಡ್ಡಿಗಳನ್ನು ಅಟ್ಟಿಮಾಡಿ
ದಿನಕ್ಕೆ ಮೂರು ಸಲ ಬಾಯಿ ಹಿಗ್ಗಿಸುವ ಅಭ್ಯಾಸ.
ಆಗ ಹನ್ನೊಂದು ಕಡ್ಡಿ. ಈಸ್ಟರ್ ಹೊತ್ತಿಗೆ ಹದಿನಾರು.
ಮೂಳೆಯಲ್ಲಿ ತಿರುಪು ಕೂತವು, ಇನ್ನು ನನ್ನ ಸರದಿ.

ಕಪಾಟಿನ ಅಚ್ಚುಗಳನ್ನು ಒಂದೊಂದೇ ಕೆಳಗಿಳಿಸಿದೆ.
ಎಲ್ಲ ನೇರ, ಎಲ್ಲ ಸಮ,
ಮದುವೆಮನೆಗೆ ಬಾಡಿಗೆ ತಂದ ತಟ್ಟೆಗಳು.
ಆಗ ಲಾಮಾರಾ ಆಕಳಿಸಿದಳು.
ಕಂಡೆ: ಮುಂದಿನ ಹಲ್ಲೆರಡರಲ್ಲಿ ಒಂದು ಇನ್ನೊಂದರ ಮೇಲೆ
ತುಂಬಿದ ಬಸ್ಸಿನಲ್ಲಿ ಭುಜ ತೂರಿಸಿದವನಂತೆ.

"ಅಮ್ಮ, ನೀವೊಮ್ಮೆ ಈ ಕುರ್ಚಿಗೆ ಬನ್ನಿ."
"ಅಯ್ಯೋ, ನನ್ನದು ಸೊಟ್ಟ,"
ಬಾಯಿಗೆ ಕೈ ಅಡ್ಡ ಹಿಡಿದಳು,
"ಮದುವೆಯ ಫೋಟೋದಲ್ಲೂ ತುಟಿ ಬಿಚ್ಚಿಲ್ಲ."
ಆದರೂ ಕೂತಳು. ಗುಲಾಬಿ ಲೇಪ ಕಚ್ಚಿ, ಕಣ್ಣಲ್ಲಿ ನೀರು,
ಎರಡು ನಿಮಿಷ ಉಸಿರಾಡಲೂ ಹೆದರಿ.

ಮೇಣದಲ್ಲಿ ಆ ಸೊಟ್ಟವನ್ನು ಅರ್ಧ ಇಳಿಸಿದ್ದೆ,
ಹುಡುಗಿಯಲ್ಲವೇ ಎಂದು.
ಪಿಕ್ರಿಯಾ ಬೆರಳಾಡಿಸಿ ನೋಡಿದಳು,
ತಾಯಿಯ ಮುಖ ನೋಡಿದಳು,
"ಇನ್ನೂ ಸ್ವಲ್ಪ ಸೊಟ್ಟ ಮಾಡಿ," ಅಂದಳು.

ಹಲ್ಲು ಕೂತ ದಿನ ಕನ್ನಡಿ ಹಿಡಿದೆ.
ಅದನ್ನು ಸರಿಸಿ ಚೀಲಕ್ಕೆ ಕೈ ಹಾಕಿದಳು:
ದೋಣಿಯಂಥ ಶೋತಿ ರೊಟ್ಟಿ, ಬೆಳಗಿನದು, ಆಗಲೇ ಬಿರುಸಾಗಿತ್ತು.
ಮೆತ್ತಗಿನದನ್ನು ತಿನ್ನು, ಮೊದಲ ವಾರ, ಎಂದೆ.
ಕೇಳಲಿಲ್ಲ. ತುದಿಯ ಸುಟ್ಟ ಕೊಂಬನ್ನೇ ಮುರಿದು ಇಟ್ಟುಕೊಂಡಳು.

ಕರ್ ಎಂದಿತು.
ತುಟಿಯ ಎಡಮೂಲೆ ಇನ್ನೂ ಸೋರುತ್ತದೆ, ಒರೆಸಿಕೊಂಡಳು,
ಬಾಟಲಿಯಿಂದ ಒಂದು ಗುಟುಕು, ಮತ್ತೆ ಜಗಿದಳು.
ನುಂಗುವ ಅವಸರವೇ ಇಲ್ಲ.
ನಾವಿಬ್ಬರೂ ಕಾಯುತ್ತ ನಿಂತೆವು,
ಮೂರು ಗಂಟೆಯ ವ್ಯಾನು ಹೋಯಿತು.